ಬೆರಳಿನ ಒಂದು ಗೆಣ್ಣಿನ ಲೆಕ್ಕ

ನನ್ನ ಬಲಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇಲ್ಲ. ಆ ಗೆಣ್ಣಿಗೆ ಕಾರ್ಮಿಕರ ಸರಕಾರಿ ವಿಮೆಯಾದ ಇಎಸ್‌ಐ ಲೆಕ್ಕದಲ್ಲಿ ದಿನಕ್ಕೆ 40 ರೂಪಾಯಿ 50 ಪೈಸೆ. ನಾನು ಬದುಕಿರುವ ತನಕ ಬರುತ್ತದೆ. ಇದನ್ನು ಹೇಳಿದಾಗ ಮಿಲ್‌ನ ಹುಡುಗರು ಮೊದಲು ನಗುತ್ತಾರೆ. ಆಮೇಲೆ ಸುಮ್ನೆ ತಮ್ಮ ಬೆರಳು ನೋಡಿಕೊಳ್ಳುತ್ತಾರೆ.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ನಾನು ಮಷಿನ್ ಆಪರೇಟರ್. ನಮ್ಮ ಕಡೆ ಹೊಸ ತೊಗರಿ ಡಿಸೆಂಬರ್‌ನಲ್ಲಿ ಬರಲು ಶುರು. ಜನವರಿ, ಫೆಬ್ರವರಿಯಲ್ಲಿ ಮಿಲ್‌ಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. 2023ರ ಫೆಬ್ರವರಿ 9, ಗುರುವಾರ ಸಂಜೆ, ಎಲಿವೇಟರ್‌ನ ಬುಡದಲ್ಲಿ ಕಾಳು ಕಟ್ಟಿಕೊಂಡಿತು. ಕಾಳನ್ನು ಬಕೆಟ್ಟಿನಲ್ಲಿ ಮೇಲಕ್ಕೆ ಎತ್ತುವ ಪಟ್ಟಿ ಅದು. ಮೇನ್ ಸ್ವಿಚ್ ಬಂದ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಒಳಗೆ ಕೈ ಹಾಕಬೇಕು. ಹೊಸಬರಿಗೆ ಇದನ್ನು ಕಲಿಸುವವನೇ ನಾನು. ಅವತ್ತು ಬರೀ ಸ್ಟಾರ್ಟರ್ ಬಂದ್ ಮಾಡಿ ಕೈ ಹಾಕಿದೆ. ಆ ಕಡೆಯಿಂದ ಯಾರೋ ಹಸಿರು ಗುಂಡಿ ಒತ್ತಿದರು.

ನೋವು ಮೊದಲು ಗೊತ್ತೇ ಆಗಲಿಲ್ಲ. ಹಳದಿ ಬೇಳೆಯ ಪುಡಿಯ ಮೇಲೆ ಕೆಂಪು ಬಿದ್ದಿದ್ದು ಕಂಡಿತು ಅಷ್ಟೇ. ಹತ್ತಿರದ ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದರು. ತೋರುಬೆರಳಿನ ತುದಿ ಗೆಣ್ಣು ಉಳಿಯಲಿಲ್ಲ. ಪಕ್ಕದ ಬೆರಳಿಗೆ ಹೊಲಿಗೆ ಬಿತ್ತು.

ಎರಡನೇ ದಿನ ಮಿಲ್ಲಿನ ಲೆಕ್ಕಪತ್ರ ನೋಡುವ ನಮ್ಮ ಮುನೀಮರು ಬಂದು ಮಂಚದ ಪಕ್ಕ ಕೂತರು. ಕೈಯಲ್ಲಿ ಎಳನೀರು, ದನಿಯಲ್ಲಿ ಬೆಣ್ಣೆ.

"ನೋಡಪ್ಪಾ, ಮನ್ಯಾಗ ಬಾಗಿಲಿಗಿ ಸಿಕ್ಕದ ಅಂತ ಹೇಳು. ದವಾಖಾನಿ ಖರ್ಚಾ ಸಾಹುಕಾರ್ರು ನೋಡ್ತಾರ. ಹೆಂಗೂ ಇಎಸ್‌ಐ ಸಿಕ್‌ನೆಸ್‌ದಾಗ ರೊಕ್ಕ ಬರ್ತದ. ಸುಮ್ನ ಇನ್ಸ್‌ಪೆಕ್ಟರ್ ಕಾಟ ಯಾಕ?"

ಔಷಧಿಯ ಮಂಪರಿನಲ್ಲಿ ನಾನು ಹೂಂ ಅಂದುಬಿಟ್ಟೆ. ತಪ್ಪು ನಂದೇ ಅಲ್ವಾ, ಮೇನ್ ತೆಗೆಯದೆ ಕೈ ಹಾಕಿದವನು ನಾನು. ಒಳಗೆ ಆ ಅಳುಕು ಬೇರೆ ಇತ್ತು.

ಮನೆಗೆ ಬಂದ ಮೇಲೆ ನಮ್ಮ ಗಲ್ಲಿಯ ಕಾಕಾ ನೋಡಲು ಬಂದರು. ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಕೈ ನೋಡುವುದಕ್ಕಿಂತ ಮೊದಲು ಡಿಸ್ಚಾರ್ಜ್ ಕಾಗದ ಕೇಳಿದರು. ಕನ್ನಡಕ ಏರಿಸಿ ಓದಿದರು. ಗಾಯ ಹೇಗಾಯಿತು ಅನ್ನುವ ಕಡೆ, ಮನೆಯ ಬಾಗಿಲಿಗೆ ಸಿಕ್ಕಿ ಆದದ್ದು ಅಂತ ಬರೆದಿತ್ತು. ಯಾರು ಬರೆಸಿದ್ದರೋ ಏನೋ.

"ತಮ್ಮಾ, ಈ ಒಂದು ಸಾಲಿನ ಕಿಮ್ಮತ್ತು ನಿನಗ ಗೊತ್ತಿಲ್ಲ. ಮೊದ್ಲು ಇದನ್ನ ತಿದ್ದಿಸು. ಬ್ಯಾರೆ ಮಾತು ಆಮ್ಯಾಲ."

ಅವರು ಅವತ್ತು ಹೇಳಿದ್ದು ಹೀಗೆ. ಕಾಯಿಲೆ ಬಿದ್ದು ಮನೆಯಲ್ಲಿ ಕೂತರೆ ಇಎಸ್‌ಐ ಕೊಡುವುದು ಬೇರೆ ಹಣ, ಕೆಲಸದಲ್ಲಿ ಗಾಯವಾದರೆ ಕೊಡುವುದು ಬೇರೆ ಹಣ. ಕಾಯಿಲೆಯ ಹಣ ದಿನದ ಪಗಾರದ ನೂರಕ್ಕೆ 70. ಅದೂ ವರ್ಷಕ್ಕೆ 91 ದಿನ ಮಾತ್ರ. ಅದಕ್ಕೆ ಮೊದಲು ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕೆಲಸದ ಗಾಯಕ್ಕೆ ನೂರಕ್ಕೆ 90. ಕೈ ವಾಸಿಯಾಗುವ ತನಕ ಕೊಡುತ್ತಾರೆ, 91ರ ಗಡಿ ಇಲ್ಲ. ಇವತ್ತು ಕೆಲಸಕ್ಕೆ ಸೇರಿ ಇವತ್ತೇ ಗಾಯವಾದರೂ ಸಿಗುತ್ತದೆ. ಮುಖ್ಯವಾದದ್ದು, ಹೋದ ಬೆರಳಿಗೆ ಜೀವನಪೂರ್ತಿ ಹಣ ಸಿಗುವುದು ಈ ದಾರಿಯಲ್ಲಿ ಮಾತ್ರ. ಬಾಗಿಲಿಗೆ ಸಿಕ್ಕ ಬೆರಳಿಗೆ ಅದಿಲ್ಲ.

"ಆದ್ರ ಕಾಕಾ, ತಪ್ಪು ನಂದೇ ಅದ."

"ತಪ್ಪು ಯಾರದು ಅಂತ ಇಎಸ್‌ಐ ಕೇಳಂಗಿಲ್ಲ. ಮಿಲ್ಲಿನ ಕೆಲಸ ಮಾಡ್ತಿದ್ದೆಲ್ಲ, ಅಷ್ಟ ಸಾಕು."

ಅದು ನಿಜ ಅಂತ ಆಮೇಲೆ ಗೊತ್ತಾಯಿತು. ನಿಯಮ ಮೀರಿ ಕೈ ಹಾಕಿದ್ದರೂ, ಮಾಲಕರ ಕೆಲಸಕ್ಕಾಗಿ ಹಾಕಿದ್ದರೆ ಅದು ಕೆಲಸದ ಗಾಯವೇ. ಮನೆಯಿಂದ ಡ್ಯೂಟಿಗೆ ಹೋಗುವಾಗ, ಬರುವಾಗ ದಾರಿಯಲ್ಲಿ ಆದ ಅಪಘಾತವೂ 2010ರಿಂದ ಇದರಲ್ಲಿ ಸೇರಿದೆ.

ಮರುದಿನ ಆ ದವಾಖಾನೆಗೆ ವಾಪಸ್ ಹೋದೆ. ಡಾಕ್ಟರು ಒಳ್ಳೆಯವರು. ಆಪರೇಷನ್ ಮಾಡುವಾಗ ಗಾಯದಲ್ಲಿ ತೊಗರಿ ಹೊಟ್ಟು ತೆಗೆದದ್ದು ಅವರಿಗೇ ನೆನಪಿತ್ತು. "ಬಾಗಿಲಲ್ಲಿ ಹೊಟ್ಟು ಎಲ್ಲಿಂದ ಬರುತ್ತೆ, ನನಗೂ ಅನಿಸಿತ್ತು" ಎಂದು ಹೇಳಿ, ತಿದ್ದಿ, ಸಹಿ ಮತ್ತು ಸೀಲು ಹಾಕಿ ಕೊಟ್ಟರು.

ಅಲ್ಲಿಂದ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ. ಮೆಡಿಕಲ್ ಕಾಲೇಜೂ ಅಲ್ಲೇ ಇದೆ. ಆ ದೊಡ್ಡ ಕಟ್ಟಡದ ಮುಂದೆ ಎಷ್ಟೋ ಸಲ ಆಟೊದಲ್ಲಿ ಹೋಗಿದ್ದೇನೆ. ನನ್ನ ಪಗಾರದಿಂದ ತಿಂಗಳು ತಿಂಗಳು ಹಣ ಹೋಗುತ್ತಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಅವರು ಕೊಡುವ ಗುರುತಿನ ಚೀಟಿ, ಪಹಚಾನ್ ಕಾರ್ಡ್, ಮನೆಯ ಟ್ರಂಕಿನಲ್ಲಿ, ಮದುವೆ ಫೋಟೊಗಳ ಕೆಳಗೆ ಸಿಕ್ಕಿತು. ಅದರಲ್ಲಿನ ಹತ್ತು ಅಂಕಿಯ ನಂಬರು ಈಗ ನನಗೆ ಬಾಯಿಪಾಠ.

ಇಲ್ಲಿ ಒಂದು ಮಾತು. ಗಾಯದ ರಜೆಗೆ ಇಎಸ್‌ಐ ಡಾಕ್ಟರ್ ಕೊಡುವ ಸರ್ಟಿಫಿಕೇಟೇ ಜೀವಾಳ. ಮೊದಲನೆಯದು, ನಡುವಿನವು, ಕೊನೆಯದು ಅಂತ ಸರಪಳಿ ಹಾಗೆ ಇರುತ್ತವೆ. ನನಗೆ ವಾರಕ್ಕೊಂದು ಕೊಡುತ್ತಿದ್ದರು. ನಡುವೆ ಒಂದು ವಾರ ತಪ್ಪಿಸಿದರೆ ಆ ವಾರದ ಹಣ ಕೇಳಲು ಆಧಾರವೇ ಇರುವುದಿಲ್ಲ. ಖಾಸಗಿ ದವಾಖಾನೆಯಲ್ಲಿ ಕಳೆದ ದಿನಗಳಿಗೆ ಅಲ್ಲಿನ ಕಾಗದ ತೋರಿಸಿ ಒಪ್ಪಿಸಬೇಕಾಯಿತು. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆ ಬಂತು. ತೇರಿನ ದಿನ ಬ್ಯಾಂಡೇಜ್ ಕೈ ಎದೆಗೆ ಕಟ್ಟಿಕೊಂಡು ಹೋದೆ, ಎಡಗೈಯಲ್ಲಿ ಉತ್ತತ್ತಿ ಎಸೆದೆ. ಅದು ತೇರಿಗೆ ತಾಗದೆ ಮುಂದಿನವನ ತಲೆಗೆ ತಾಗಿತು. ಆ ಗದ್ದಲದಲ್ಲೂ ಸರ್ಟಿಫಿಕೇಟಿನ ವಾರ ತಪ್ಪಿಸಲಿಲ್ಲ.

ಇನ್ನು ಅಪಘಾತದ ವರದಿ. ಇದನ್ನು ಮಿಲ್‌ನವರೇ ಇಎಸ್‌ಐಗೆ ಕಳಿಸಬೇಕು, 24 ಗಂಟೆಯೊಳಗೆ. ಮಿಲ್‌ನಲ್ಲಿ ಅಪಘಾತದ ಪುಸ್ತಕ ಅಂತ ಒಂದು ಇರಬೇಕು, ಅದರಲ್ಲೂ ಬರೆಯಬೇಕು. ನಮ್ಮಲ್ಲಿ ನಾಲ್ಕು ದಿನವಾದರೂ ಏನೂ ಆಗಿರಲಿಲ್ಲ. ಮುನೀಮರ ಭಯ ಏನು ಅಂತ ಕಾಕಾ ಬಿಡಿಸಿ ಹೇಳಿದರು. ಕೆಲಸಗಾರ 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದಂಥ ಗಾಯವಾದರೆ ಕಾರ್ಖಾನೆ ಇಲಾಖೆಗೂ ತಿಳಿಸಬೇಕು. ಅವರು ಬಂದರೆ ಎಲಿವೇಟರಿಗೆ ಕೈ ಹೋಗದಂತೆ ತಡೆಯುವ ಗಾರ್ಡ್ ಯಾಕಿಲ್ಲ ಅಂತ ಕೇಳುತ್ತಾರೆ. ಗಾಯದ ಹಣ ಕೊಡುವುದು ಇಎಸ್‌ಐ, ಸಾಹುಕಾರರ ಜೇಬಿನಿಂದ ಹೋಗುವುದಿಲ್ಲ. ಕಾಟ ಬೇಡ ಅಂತಲೇ ಈ ಬಾಗಿಲಿನ ಕಥೆ.

ಕಾಕಾ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದರು. ಯಾವ ದಿನ, ಯಾವ ಹೊತ್ತು, ಯಾವ ಮಷಿನ್, ಯಾವ ಬೆರಳು, ನೋಡಿದವರು ಯಾರು. ಎರಡು ಪ್ರತಿ. ಒಂದನ್ನು ಮಿಲ್‌ಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳಬೇಕು, ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್. ನೋಡಿದವರು ಅನ್ನುವ ಕಡೆ ನಾನು ತಡವರಿಸಿದೆ. ಆಪರೇಟರ್ ಗೆಳೆಯರಿಬ್ಬರು ಕಣ್ಣು ತಪ್ಪಿಸಿದರು. ಅವರ ಮೇಲೆ ಸಿಟ್ಟಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಕೊನೆಗೆ ಹೆಸರು ಕೊಟ್ಟವನು ಚೀಲ ಹೊರುವ ಹಮಾಲ.

"ನಾ ನೋಡೀನಿ, ನಾ ಹೇಳ್ತೀನಿ. ನಂದೇನ್ ಹೋಗ್ತದ, ಇವ್ರ ಪಟ್ಟಿದಾಗ ನನ್ನ ಹೆಸರೇ ಇಲ್ಲ."

ಅವನು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಅದೇ ಬಕೆಟ್ಟಿಗೆ ಅವನ ಕೈ ಸಿಕ್ಕಿದ್ದರೆ? ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಅಂತ ಕಾಕಾ ಹೇಳುತ್ತಾರೆ. ಇಎಸ್‌ಐ ಅನ್ವಯಿಸುವ ಕಡೆ ಮಾಲಕರು ಹಣ ಕಟ್ಟದಿದ್ದರೂ ಗಾಯವಾದವನಿಗೆ ಕೊಟ್ಟು, ಆಮೇಲೆ ಮಾಲಕರಿಂದ ವಸೂಲಿ ಮಾಡಲು ಕಾನೂನಿದೆ. ಇಎಸ್‌ಐ ಬರದ ಜಾಗದಲ್ಲಿ ಪರಿಹಾರಕ್ಕೆ ಬೇರೆ ಕಾನೂನಿದೆ. ಆದರೆ ತಾನು ಅಲ್ಲಿ ದುಡಿಯುತ್ತಿದ್ದೆ ಅಂತ ಸಾಬೀತು ಮಾಡುವುದರಲ್ಲೇ ಅವನ ವರ್ಷಗಳು ಹೋಗುತ್ತವೆ. ನನ್ನ ಹತ್ತಿರ ಹತ್ತು ಅಂಕಿಯ ನಂಬರಾದರೂ ಇತ್ತು.

ಅರ್ಜಿಗೆ ಸೀಲು ಬಿತ್ತು. ಎರಡು ದಿನಕ್ಕೆ ವರದಿಯೂ ಹೋಯಿತು. ಸಾಹುಕಾರರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಫೋನ್ ಮಾಡಿ, "ಮೊದಲೇ ಹೇಳಿದ್ರ ನಾನೇ ಕಳಸ್ತಿದ್ದೆ" ಅಂದರು. ಇರಬಹುದು.

ಇಎಸ್‌ಐ ಶಾಖಾ ಕಚೇರಿಯಲ್ಲಿ ಹಣ ಕೇಳುವ ಫಾರಂ ತುಂಬಬೇಕು. ಅದಕ್ಕೆ ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್. ಸಹಿ ಮಾಡುವ ಜಾಗಕ್ಕೆ ಬಂದಾಗ ಪೆನ್ನು ಹಿಡಿಯಲು ಕೈಯೇ ಇಲ್ಲ! ಎಡಗೈಯಲ್ಲಿ ಗೀಚಿದ್ದು ಬ್ಯಾಂಕಿನ ಸಹಿಗೆ ಹೊಂದಲಿಲ್ಲ. ಕಡೆಗೆ ಎಡಗೈ ಹೆಬ್ಬೆಟ್ಟು ಒತ್ತಿ, ಅದಕ್ಕೊಬ್ಬರು ಸಾಕ್ಷಿ ಹಾಕಿದರು. ಪಿಯುಸಿ ತನಕ ಓದಿದವನು ನಾನು. ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಾಗ ಬೈದಿದ್ದು ನೆನಪಾಯಿತು.

ಹಣ ಬೇಗ ಬರಲಿಲ್ಲ. ಯಾಕೆ ಅಂದರೆ ಮುನೀಮರ ದಯೆ! ಗಾಯವಾದ ಮರುದಿನದಿಂದ ಶಿವರಾತ್ರಿ ತನಕ, ಅಂದರೆ ಫೆಬ್ರವರಿ 10ರಿಂದ 18ರವರೆಗೆ, ಭಾನುವಾರ ಬಿಟ್ಟು ಎಂಟು ದಿನದ ಪಗಾರವನ್ನು ಅವರು ನನಗೆ ಹಾಕಿಸಿದ್ದರು. ಹಾಕಿಸಲು ಹಾಜರಿ ಪುಸ್ತಕದಲ್ಲಿ ನಾನು ಬಂದಿದ್ದೇನೆ ಅಂತ ಬರೆಸಿದ್ದರು. ಇತ್ತ ಡಾಕ್ಟರ್ ಸರ್ಟಿಫಿಕೇಟ್ ಕೆಲಸಕ್ಕೆ ಆಗುವುದಿಲ್ಲ ಅನ್ನುತ್ತದೆ, ಅತ್ತ ಹಾಜರಿ ಬಂದಿದ್ದಾನೆ ಅನ್ನುತ್ತದೆ. ಆ ದಿನಗಳಲ್ಲಿ ನೌಕರ ನಿಜಕ್ಕೂ ಬಂದಿರಲಿಲ್ಲವೇ ಅಂತ ಇಎಸ್‌ಐ ಮಿಲ್‌ನಿಂದ ಲಿಖಿತವಾಗಿ ಕೇಳುತ್ತದೆ. ಪಗಾರ ಪಡೆದ ದಿನಕ್ಕೆ ಗಾಯದ ಹಣ ಇಲ್ಲ, ಎರಡೂ ಸಿಗುವುದಿಲ್ಲ. ಅದು ಸರಿಯಾದ ನಿಯಮವೇ. ಆದರೆ ಆ ಎಂಟು ದಿನದ ಗೊಂದಲ ಬಿಡಿಸಲು ತಿಂಗಳು ಹಿಡಿಯಿತು. ಹಾಜರಿ ಅಲ್ಲ, ಪಗಾರಿ ರಜೆ ಅಂತ ಮಿಲ್‌ನಿಂದ ತಿದ್ದಿಸಿ ಕೊಟ್ಟ ಮೇಲೆ ಫೈಲು ಮುಂದೆ ಹೋಯಿತು.

ಆ ತಿಂಗಳು ಮನೆ ನಡೆದದ್ದು ಹೆಂಡತಿಯ ಸಂಘದ 15,000 ಸಾಲದಲ್ಲಿ. ಅವಳು ರೊಟ್ಟಿ ಮುರಿದು, ಪಲ್ಯ ಹಚ್ಚಿ ತಟ್ಟೆಗೆ ಇಡುತ್ತಿದ್ದಳು. ಒಂದೇ ಕೈಯಲ್ಲಿ ಕಟಿ ರೊಟ್ಟಿ ಮುರಿಯಲು ನೋಡಿ, ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ನನಗಿತ್ತು. ಆಸೆಯಿಂದ ಹೋಗಿ ಕೇಳಿದೆ. ಅದರಲ್ಲಿ ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. ಬೆರಳಿಗೆ ಏನೂ ಇಲ್ಲ.

ಕೊನೆಗೆ ದಿನದ ದರ ಗೊತ್ತಾಯಿತು, 450 ರೂಪಾಯಿ. ಇಷ್ಟೇನಾ ಅನಿಸಿತು. ನನ್ನ ಪಗಾರ 17,500. ನೆಟ್ ಸೆಂಟರಿಗೆ ಹೋಗಿ ಇಎಸ್‌ಐ ಪೋರ್ಟಲ್‌ನಲ್ಲಿ ನನ್ನ ನಂಬರ್ ಹಾಕಿಸಿ ನೋಡಿದೆ. ಪ್ರತಿ ತಿಂಗಳೂ 26 ದಿನ, 13,000. ಪ್ರತಿ ತಿಂಗಳೂ!

ನಮ್ಮಲ್ಲಿ ಆಗ 13,000 ಬ್ಯಾಂಕಿಗೆ ಬರುತ್ತಿತ್ತು, ಉಳಿದ 4,500 ಕವರಿನಲ್ಲಿ ಕೈಗೆ ಬರುತ್ತಿತ್ತು. ಎಲ್ಲರಿಗೂ ಗೊತ್ತು. ಕವರು ಬಂದಾಗ ಖುಷಿಯಾಗುತ್ತಿತ್ತು, ಕಡಿತವಿಲ್ಲದ ಹಣ ಅಂತ. ಇಎಸ್‌ಐ ಕಣ್ಣಿಗೆ ಕವರು ಕಾಣುವುದಿಲ್ಲ. ಇನ್ನೊಂದು, ಜನವರಿಯಿಂದ ಜೂನ್ ನಡುವೆ ಗಾಯವಾದರೆ ನೋಡುವುದು ಅದಕ್ಕೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಪಗಾರ. ಸೀಸನ್ನಿನ ಓವರ್‌ಟೈಮ್ ಹೇಗೂ ಅದರಲ್ಲಿ ಬರುವುದಿಲ್ಲ, ಅದು ಮಳೆಗಾಲದ ಲೆಕ್ಕ. ಆರು ತಿಂಗಳಿಗೆ 78,000. 156 ದಿನಕ್ಕೆ ಭಾಗಿಸಿದರೆ 500. ಅದರ ನೂರಕ್ಕೆ 90 ಅಂದರೆ 450. ಭಾನುವಾರಕ್ಕೂ ಕೊಡುತ್ತಾರೆ, ಅದು ಒಳ್ಳೆಯದು.

ನೆಟ್ ಸೆಂಟರಿನ ಹುಡುಗನ ಕ್ಯಾಲ್ಕುಲೇಟರ್ ಇಸ್ಕೊಂಡು ಅಲ್ಲೇ ಕೂತೆ. ಪೂರ್ತಿ 17,500 ಬರೆದಿದ್ದರೆ ದಿನಕ್ಕೆ ಸುಮಾರು 606 ಬರುತ್ತಿತ್ತು. ಹಾಗೆ ಬರೆಯಲು ನನ್ನ ಪಾಲು ತಿಂಗಳಿಗೆ ಎಷ್ಟು ಜಾಸ್ತಿಯಾಗುತ್ತಿತ್ತು? ನೌಕರನ ವಂತಿಗೆ ನೂರಕ್ಕೆ 75 ಪೈಸೆ, ಅಂದರೆ 4,500ಕ್ಕೆ 34 ರೂಪಾಯಿ. ಮಾಲಕರದ್ದು ನೂರಕ್ಕೆ 3 ರೂಪಾಯಿ 25 ಪೈಸೆ, ಅಂದರೆ 146 ರೂಪಾಯಿ. ಇಬ್ಬರದ್ದೂ ಸೇರಿ 180. ಮಿಲ್ ಗೇಟಿನ ಚಹಾದಂಗಡಿಯಲ್ಲಿ ನಾನು ತಿಂಗಳಿಗೆ ಅದಕ್ಕಿಂತ ಜಾಸ್ತಿ ಕುಡಿಯುತ್ತೇನೆ. ಬೆರಳು ಹೋದದ್ದಕ್ಕೆ ಅಳದವನು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಣ್ಣೊರೆಸಿಕೊಂಡೆ.

ಏಪ್ರಿಲ್ 24ರವರೆಗೆ ರಜೆ, 25ರಿಂದ ಕೆಲಸಕ್ಕೆ ಹೋಗಬಹುದು ಅಂತ ಕೊನೆಯ ಸರ್ಟಿಫಿಕೇಟ್ ಕೊಟ್ಟರು. ಒಟ್ಟು 74 ದಿನ. ಪಗಾರ ಸಿಕ್ಕ ಎಂಟು ಕಳೆದು 66. 450ರಂತೆ 29,700 ರೂಪಾಯಿ ಎರಡು ಕಂತಿನಲ್ಲಿ ನನ್ನ ಖಾತೆಗೆ ಬಂತು. ಸಂಘದ ಸಾಲ ಮೊದಲು ತೀರಿಸಿದೆವು. ಆ ರಜೆಯಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬನನ್ನು ಇಟ್ಟಿದ್ದಾರೆ ಅಂತ ಸುದ್ದಿ ಬಂದಿತ್ತು. ನಿದ್ದೆ ಬರಲಿಲ್ಲ. ಇಎಸ್‌ಐ ಗಾಯದ ಹಣ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಅಂತ ಕಾಕಾ ಸಮಾಧಾನ ಹೇಳಿದರು. ತೆಗೆಯಲೂ ಇಲ್ಲ. ಈಗ ನಾವಿಬ್ಬರೂ ಇದ್ದೇವೆ, ಅವನು ನನಗಿಂತ ಚುರುಕು.

ಬೆರಳಿನ ಹಣ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ. ಗಾಯದ ರಜೆ ಮುಗಿದ ಮೇಲೆ 12 ತಿಂಗಳೊಳಗೆ ಹಾಕಬೇಕು. ಎಷ್ಟೋ ಜನ ಕೆಲಸಕ್ಕೆ ವಾಪಸ್ ಹೋದ ಖುಷಿಯಲ್ಲಿ ಇದನ್ನೇ ಮರೆಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಮೆಡಿಕಲ್ ಬೋರ್ಡಿಗೆ ಕರೆ ಬಂತು. ಡಾಕ್ಟರುಗಳು ಸಾಲಾಗಿ ಕೂತಿದ್ದರು. ಒಬ್ಬರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಇನ್ನೊಬ್ಬರು ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಎತ್ತು ಅಂದರು. ಹೆಬ್ಬೆರಳು, ಮೊಂಡು ಬೆರಳು ಕೂಡಿಸಿ ನೋಡಿದೆ, ಜಾರಿತು. ಮತ್ತೆ ಜಾರಿತು. ಮೂರನೇ ಸಲ ನಡುಬೆರಳು ಹಾಕಿ ಎತ್ತಿದೆ. ಎತ್ತಿದ ಮೇಲೆ, ಎತ್ತಬಾರದಿತ್ತೇನೋ ಅಂತ ಮನಸ್ಸಿನಲ್ಲಿ ಬಂದು ನಾಚಿಕೆಯಾಯಿತು. ಆಮೇಲೆ ಅಂಗಿಯ ಗುಂಡಿ ಹಾಕಿ ತೋರಿಸು ಅಂದರು.

ಗಳಿಕೆಯ ಶಕ್ತಿ ನೂರಕ್ಕೆ 9 ಕಡಿಮೆಯಾಗಿದೆ ಅಂತ ತೀರ್ಮಾನ ಬಂತು. ಇದು ಅವರ ಮನಸ್ಸಿಗೆ ಬಂದ ಸಂಖ್ಯೆ ಅಲ್ಲ, ಕಾನೂನಿನ ಪಟ್ಟಿಯಲ್ಲೇ ಇದೆ. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9, ಮೂಳೆ ಉಳಿದು ತುದಿ ಮಾತ್ರ ಹೋದರೆ 5. ಯಾವ ಬೆರಳಿಗೆ ಎಷ್ಟು ಅಂತ ಯಾರೋ ಎಂದೋ ಕೂತು ಬರೆದಿಟ್ಟಿದ್ದಾರೆ. ಆ ಪಟ್ಟಿ ಓದುವಾಗ ಅಡತಿ ಅಂಗಡಿಯಲ್ಲಿ ಕಾಳಿನ ಗ್ರೇಡ್ ಓದಿದ ಹಾಗೆ ಅನಿಸಿತು. ಒಪ್ಪಿಗೆಯಾಗದಿದ್ದರೆ ಮೂರು ತಿಂಗಳೊಳಗೆ ಮೇಲ್ಮನವಿ ಇದೆ. ನಡುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಅದಕ್ಕಾಗಿ ಹೋಗಬಹುದಿತ್ತು. ನಾನು ಹೋಗಲಿಲ್ಲ. ಮತ್ತೆ ದಿನದ ಪಗಾರ ಕಳೆದುಕೊಂಡು ಓಡಾಡುವ ಶಕ್ತಿ ಇರಲಿಲ್ಲ.

450ರ ನೂರಕ್ಕೆ 9 ಅಂದರೆ ದಿನಕ್ಕೆ 40 ರೂಪಾಯಿ 50 ಪೈಸೆ. ಏಪ್ರಿಲ್ 25ರಿಂದಲೇ ಲೆಕ್ಕ ಹಿಡಿದು, ಅಕ್ಟೋಬರ್ ಕೊನೆಯ ತನಕದ 190 ದಿನದ ಬಾಕಿ 7,695 ಒಟ್ಟಿಗೆ ಬಂತು. ಈಗ ತಿಂಗಳಿಗೆ 1,200ರ ಆಸುಪಾಸು. ಕೆಲಸ ಮಾಡುತ್ತಿದ್ದರೂ, ಪಗಾರ ಬರುತ್ತಿದ್ದರೂ ಇದು ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕು, ಅಷ್ಟೇ. ಹೆಂಡತಿ ಇದಕ್ಕೆ ಬೆರಳಿನ ಪಗಾರ ಅಂತ ಹೆಸರಿಟ್ಟಿದ್ದಾಳೆ. "ಬೆರಳಿನ ಪಗಾರ ಬಂತೇನ್ರಿ? ಸಿಲಿಂಡರ್ ಖಾಲಿ ಆಗ್ಯಾದ" ಅಂತ ಕೇಳುತ್ತಾಳೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚಿಗೆ ನಾನು ಮರೆತು ಇನ್ನೂ ಬಲಗೈಯನ್ನೇ ಮುಂದೆ ಮಾಡುತ್ತೇನೆ. ಅಂಗಡಿಯವರು ನಗದೆ, "ಆ ಕೈ ಅಣ್ಣಾ" ಅನ್ನುತ್ತಾರೆ.

ಕೆಲಸಕ್ಕೆ ಹೋದ ಮೇಲೆ ಮುನೀಮರನ್ನು ಕೇಳಿದೆ, ಪೂರ್ತಿ ಪಗಾರ ಕಾಗದದಲ್ಲೇ ಬರೆಯಿರಿ ಅಂತ. ಪಿಎಫ್ ಜಾಸ್ತಿಯಾಗುತ್ತದೆ, ಇಷ್ಟು ಜನರಿಗೆ ಹೆಂಗಪ್ಪಾ ಅಂದರು. ನಾನು ಬಿಡಲಿಲ್ಲ. ಹುಡುಗರು ನಾಲ್ಕೈದು ಜನ ತಮ್ಮ ಮೊಬೈಲಿನಲ್ಲಿ ಇಎಸ್‌ಐ ನಂಬರು ಹಾಕಿ ನೋಡಿಕೊಂಡು ಬಂದು ನನ್ನ ಹಿಂದೆ ನಿಂತರು. ಈಗ 15,000 ಬರೆಯುತ್ತಿದ್ದಾರೆ. ಎಲಿವೇಟರಿನ ಬುಡಕ್ಕೆ ಜಾಳಿಗೆಯ ಗಾರ್ಡ್ ಬಂದಿದೆ. ಹಮಾಲನ ಹೆಸರು ಪಟ್ಟಿಗೆ ಇನ್ನೂ ಬಂದಿಲ್ಲ. ನನ್ನ ಉಳಿದ 2,500 ಇನ್ನೂ ಕವರಿನಲ್ಲೇ ಬರುತ್ತದೆ.